ಉಪಚಾರಕ್ಕೆ ಹೇಳಿದ 'ಬೇಡ'

ಮಾನ್ಯ ವಸತಿ ಹಂಚಿಕೆ ವಿಭಾಗದ ಮುಖ್ಯಸ್ಥರೇ,

ಒಂದು 'ಬೇಡ'ಕ್ಕೆ ಎಷ್ಟು ಖರ್ಚು ತಗುಲುತ್ತದೆ ಎಂದು ನಿಮ್ಮ ಕಚೇರಿಯಲ್ಲಿ ಯಾರಾದರೂ ಲೆಕ್ಕ ಹಾಕಿದ್ದಾರೋ ಇಲ್ಲವೋ ಕಾಣೆ. ನಾನು ಹಾಕಿದ್ದೇನೆ. ಹೋಗಿಬರುವ ಟ್ಯಾಕ್ಸಿ ಬಾಡಿಗೆ, ಏಕೆಂದರೆ ನನ್ನ ಗಂಡ ಟ್ರೆವರ್‌ನ ಮಂಡಿಗೂ ಬಸ್ಸಿನ ಮೆಟ್ಟಿಲಿಗೂ ಈಗ ಆಗಿಬರುವುದಿಲ್ಲ. ಒಂದು ಶುಂಠಿ ಕೇಕು, ಇಡಿಯಾಗಿ. ಮನೆಗೆ ಬಂದ ಮೇಲೆ ಮಂಡಿಯ ಊತಕ್ಕೆ ಇಟ್ಟ ಫ್ರೀಜರಿನ ಬಟಾಣಿ ಪೊಟ್ಟಣ. ಅದನ್ನು ಆಮೇಲೆ ಬೇಯಿಸಿ ತಿಂದೆವಾದ್ದರಿಂದ ಅರ್ಧ ಬೆಲೆ ಹಿಡಿದಿದ್ದೇನೆ. ಸಾಸಿವೆ ಬಣ್ಣದ ಒಳ್ಳೆಯ ಬಟ್ಟೆಯ ಒಂದು ಸುರುಳಿ; ಅದರ ವಿಚಾರ ಮುಂದೆ ಬರುತ್ತದೆ. ಇಷ್ಟಕ್ಕೆಲ್ಲ ಪ್ರತಿಯಾಗಿ ನಿಮ್ಮಿಂದ ನಮಗೆ ಬಂದದ್ದು ಒಂದು ಪತ್ರ. ಮಿಲ್ ಹಿಲ್ ಬೀದಿಯ ನೆಲ ಅಂತಸ್ತಿನ ಮನೆಯನ್ನು ನಾವು 'ಸಕಾರಣವಿಲ್ಲದೆ ನಿರಾಕರಿಸಿರುವುದರಿಂದ' ಕೌನ್ಸಿಲ್ಲಿನ ಅಗ್ಗದ ಬಾಡಿಗೆ ಮನೆಗಾಗಿ ಕಾಯುವವರ ಪಟ್ಟಿಯಲ್ಲಿ ನಮ್ಮನ್ನು ಬೆಳ್ಳಿ ದರ್ಜೆಯಿಂದ ಕಂಚಿಗೆ ಇಳಿಸಲಾಗಿದೆ, ಇನ್ನೊಂದು ವರ್ಷ ಯಾವ ಮನೆಯನ್ನೂ ಕೇಳುವಂತಿಲ್ಲ ಎಂದು.

"ಓಡ್ದೇನೇ ಕಂಚು ಗೆದ್ದೋನು ಈ ಊರಲ್ಲಿ ನಾನೊಬ್ನೇ ಕಣೇ," ಎಂದ ಟ್ರೆವರ್.

ಅವನು ನಗುತ್ತಾನೆ, ಅದು ಅವನ ಸ್ವಭಾವ. ಆದರೆ ನಾವಿರುವುದು ಮೀನು ಕರಿಯುವ ಅಂಗಡಿಯ ನೆತ್ತಿಯ ಮೇಲೆ, ಮೂರನೆಯ ಮಹಡಿಯಲ್ಲಿ. ಈ ಊರಿನ ಅರ್ಧದಷ್ಟು ಚಾವಣಿಗಳಿಗೆ ಕಲ್ಲುಹಲಗೆ ಹೊದಿಸಿದವನು ಈಗ ಕೆಳಗಿಳಿಯಬೇಕಾದರೆ ಮೆಟ್ಟಿಲ ಮೇಲೆ ಕೂತು, ಮಗುವಿನ ಹಾಗೆ ಒಂದೊಂದಾಗಿ ಜಾರಬೇಕು. ಹಾಗಾಗಿ ಇಳಿಯುವುದನ್ನೇ ಬಿಟ್ಟಿದ್ದಾನೆ. ಹುಲ್ಲಿನ ಮೇಲೆ ಚೆಂಡು ಉರುಳಿಸುವ ಬೌಲ್ಸ್ ಆಟದ ಅವನ ತಂಡದವರು ಶನಿವಾರ ಆಟ ಮುಗಿಸಿ ನಮ್ಮ ಕಿಟಕಿಯ ಕೆಳಗೆ ಬಂದು ನಿಂತು ಯಾರು ಗೆದ್ದರೆಂದು ಕೂಗಿ ಹೇಳುತ್ತಾರೆ. ಇವನು ಮೇಲಿನಿಂದಲೇ ಅವರ ತಪ್ಪುಗಳನ್ನು ಬೈಯುತ್ತಾನೆ. ಮಿಲ್ ಹಿಲ್ ಬೀದಿಯ ಆ ಮನೆಗೂ ಬೌಲ್ಸ್ ಮೈದಾನದ ಗೇಟಿಗೂ ನಡುವೆ ಇರುವುದು ಒಂದು ಅಂಚೆ ಡಬ್ಬಿ, ಒಂದು ಬೆಂಚು. ಇಂಥ ಮನೆಯನ್ನು ನಾವು ಬೇಡವೆಂದೆವೇ? ಹೌದು, ಎಂದೆವು. ಹೇಗೆ ಎಂದೆವು ಎನ್ನುವುದನ್ನು ನಿಮ್ಮ ಪತ್ರ ಹೇಳುವುದಿಲ್ಲ. ನಾನು ಹೇಳುತ್ತೇನೆ.

ನಿಮ್ಮ ಪದ್ಧತಿ ನಿಮಗೆ ಗೊತ್ತೇ ಇದೆ. ಒಂದು ಮನೆ ಖಾಲಿಯಾದರೆ ಪಟ್ಟಿಯ ಮೇಲಿನ ಮೂವರನ್ನು ಒಂದೇ ಹೊತ್ತಿಗೆ ಕರೆದು ತೋರಿಸುತ್ತೀರಿ; ಮೊದಲಿನವರು ಬೇಡವೆಂದರೆ ಎರಡನೆಯವರಿಗೆ, ಅವರೂ ಬೇಡವೆಂದರೆ ಮೂರನೆಯವರಿಗೆ. ಸಮಯ ಉಳಿಸುವುದಕ್ಕೆ ಯಾರೋ ಬುದ್ಧಿವಂತರು ಮಾಡಿದ ಏರ್ಪಾಡು. ಆದರೆ ಆ ಬುದ್ಧಿವಂತರು ಈ ಊರಿನವರಲ್ಲ ಎಂದು ಪಂದ್ಯ ಕಟ್ಟುತ್ತೇನೆ. ಇಲ್ಲಿ ಇಬ್ಬರು ಒಂದೇ ಬಾಗಿಲಿಗೆ ಬಂದರೆ 'ನೀವು ಮೊದಲು, ನೀವು ಮೊದಲು' ಎಂದು ಇಬ್ಬರೂ ಹೊರಗೇ ನೆನೆಯುತ್ತಾರೆ. ಅಂಥ ಮೂವರನ್ನು ನೀವು ಒಂದೇ ಬಾಗಿಲ ಮುಂದೆ ತಂದು ನಿಲ್ಲಿಸಿದಿರಿ. ಮಳೆ ಬೇರೆ.

ಮೊದಲ ಹೆಸರು ನಮ್ಮದು. ಎರಡನೆಯದು ಲಿಯಾನ್ ಎಂಬ ಹುಡುಗಿಯದು. ತಳ್ಳುಗಾಡಿಯಲ್ಲಿ ಅವಳಿ ಮಕ್ಕಳು, ಒಂದು ಅಳುತ್ತಿತ್ತು, ಇನ್ನೊಂದು ತನ್ನ ಸರದಿಗೆ ಕಾಯುತ್ತಿತ್ತು. ಮೂರನೆಯವರು ಮಿರ್ಜಾ ಅವರು, ನಿವೃತ್ತ ಬಸ್ ಡ್ರೈವರ್. ಮೆಟ್ಟಿಲು ಹತ್ತಲಾರದ ಹೆಂಡತಿಗಾಗಿ ಬಂದಿದ್ದರು. ನಾನು ಫ್ಲಾಸ್ಕಿನಲ್ಲಿ ಚಹಾ, ಡಬ್ಬಿಯಲ್ಲಿ ಕೇಕು ತಂದಿದ್ದೆ. ನಿಮ್ಮ ಅಧಿಕಾರಿಣಿ ಕೈಯಲ್ಲಿ ಟ್ಯಾಬ್ ಹಿಡಿದು ಬಂದಾಗ ಅವರಿಗೂ ಚಾಚಿದೆ.

"ಬೇಡ, ಬೇಡ, ಈಗಷ್ಟೇ ತಿಂದ್ಕೊಂಡ್ ಬಂದೆ," ಎಂದರು.

"ಒಂದ್ ಚೂರು ತಗೊಳ್ಳಮ್ಮಾ, ಮನೇಲೇ ಮಾಡಿದ್ದು."

"ಹಾಗಾದ್ರೆ ಒಂದೇ ಒಂದು."

ಎರಡು ತೆಗೆದುಕೊಂಡರು. ದಯವಿಟ್ಟು ಇದನ್ನು ನೆನಪಿಡಿ, ಇದು ನನ್ನ ಮುಖ್ಯ ಸಾಕ್ಷ್ಯ.

ಮನೆಯನ್ನು ನೋಡಿದೆವು. ಹೊಸ್ತಿಲು ಕೂಡ ಇಲ್ಲದ ಬಾಗಿಲು, ಬೆಳಕಿಗೆ ತೆರೆದ ಕಿಟಕಿಗಳು. ಟ್ರೆವರ್ ಒಂದು ಕೋಣೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಹಿತ್ತಿಲಿಗೆ, ಮತ್ತೆ ಒಳಗೆ, ಸುಮ್ಮನೆ ನಡೆದಾಡಿದ. ಅಷ್ಟು ನಡೆದದ್ದನ್ನು ನಾನು ಬಹಳ ದಿನಗಳಿಂದ ಕಂಡಿರಲಿಲ್ಲ. ಆಗ ನಿಮ್ಮ ಅಧಿಕಾರಿಣಿ ಕೇಳಿದರು:

"ಮೊದಲ್ನೇ ಹೆಸ್ರು ನಿಮ್ದೇ ಮೇಡಂ. ಮನೆ ತಗೋತೀರಾ?"

ಲಿಯಾನ್‌ಳ ತಳ್ಳುಗಾಡಿ ನನ್ನ ಪಕ್ಕದಲ್ಲೇ ತೊಟ್ಟಿಕ್ಕುತ್ತಿತ್ತು. ಎರಡು ಕೂಸುಗಳ ಮುಂದೆ ನಿಂತು 'ಹೂಂ, ಕೊಡಿ' ಎಂದು ಕೈಯೊಡ್ಡುವಂತೆ ನನ್ನ ತಾಯಿ ನನ್ನನ್ನು ಬೆಳೆಸಿಲ್ಲ. "ಅಯ್ಯೋ, ನಮ್ದೇನಿದೆ ಬಿಡಿ, ಈ ಹುಡ್ಗೀಗೆ ಕೊಡಿ, ಪಾಪ," ಎಂದೆ.

"ಛೇ ಛೇ, ನಂಗ್ಬೇಡಪ್ಪಾ!" ಎಂದಳು ಲಿಯಾನ್. "ಆ ಅಂಕಲ್ ಮಂಡಿ ನೋಡಿ, ಕುಂಬಳಕಾಯಿ ಆಗಿದೆ. ನೀವಲ್ದಿದ್ರೆ ಮಿರ್ಜಾ ಅವ್ರು ತಗೊಳ್ಳಿ."

ಮಿರ್ಜಾ ಅವರು ಟೋಪಿ ತೆಗೆದು ಎದೆಗಿಟ್ಟುಕೊಂಡರು. "ಹೆಂಗಸ್ರು ಮಕ್ಳನ್ನ ಮಳೇಲಿ ನಿಲ್ಸಿ ನಾನ್ ಬಾಗ್ಲು ಹಾಕ್ಕೊಳ್ಳೋದಾ? ಡ್ರೈವರಾಗಿದ್ದಾಗ್ಲೇ ಆ ಕೆಲ್ಸ ಮಾಡಿಲ್ಲ ತಾಯೀ."

ಟ್ಯಾಬಿನ ಮೇಲೆ ಬೆರಳು ಮೂರು ಸಲ ಬಡಿಯಿತು. "ಸರಿ, ಮೂರೂ ಜನ ಬೇಡ ಅಂದ್ರಿ. ಥ್ಯಾಂಕ್ಯೂ," ಎಂದು ನಮ್ಮನ್ನು ಹೊರಗೆ ಕಳಿಸಿ ಬೀಗ ಹಾಕಿ, ಕೇಕಿನ ಎರಡನೆಯ ತುಂಡನ್ನು ಕಾಗದದಲ್ಲಿ ಸುತ್ತಿಕೊಂಡು, ಅವರು ಕಾರು ಹತ್ತಿಯೇಬಿಟ್ಟರು. ನಾವೆಲ್ಲ ಒಬ್ಬರ ಮುಖ ಒಬ್ಬರು ನೋಡಿದೆವು.

"ಇವ್ಳು ಇನ್ನೊಂದ್ಸಲ ಕೇಳ್ಬೇಕಿತ್ತಲ್ವಾ?" ಎಂದ ಟ್ರೆವರ್.

ಮಾನ್ಯರೇ, ನಾನು ಮಾರುಕಟ್ಟೆಯಲ್ಲಿ ಪರದೆ ಬಟ್ಟೆ ಮಾರುವವಳು. ಒಂದು ಮಡಚು ಮೇಜಿನಿಂದ ಶುರುಮಾಡಿ ಸ್ವಂತ ಮಳಿಗೆ ಮಾಡಿಕೊಂಡವಳು. ನನ್ನ ಮಳಿಗೆಗೆ ಬರುವ ಪ್ರತಿಯೊಬ್ಬರ ಮೊದಲ ಮಾತು 'ಏನೂ ಬೇಡ, ಸುಮ್ಮನೆ ನೋಡ್ತಿದ್ದೀನಿ.' ಅದನ್ನು ನಂಬಿದ್ದರೆ ನಾನು ಮೊದಲ ವಾರವೇ ಮೇಜು ಮಡಚಬೇಕಿತ್ತು. ಈ ಊರಿನಲ್ಲಿ ಮೊದಲ 'ಬೇಡ' ಎಂದರೆ 'ನನ್ನನ್ನು ಆಸೆಬುರುಕಿ ಎಂದುಕೊಳ್ಳಬೇಡಿ' ಎಂದರ್ಥ. ಎರಡನೆಯ ಸಲ ಕೇಳಿದಾಗ ಬರುವುದೇ ಉತ್ತರ. ಇದು ನಿಮ್ಮ ಅಧಿಕಾರಿಣಿಗೂ ಗೊತ್ತು, ಕೇಕಿನ ವಿಷಯದಲ್ಲಾದರೂ. ಅವರ ಮೊದಲ 'ಬೇಡ'ವನ್ನು ನಾನು 'ಸಕಾರಣವಿಲ್ಲದ ನಿರಾಕರಣೆ' ಎಂದು ಬರೆದುಕೊಂಡು ಒಂದು ವರ್ಷ ಕೇಕು ನಿಷೇಧಿಸಿದೆನೇ? ಒಂದು ತುಂಡು ಕೇಕಿಗೆ ಸಿಕ್ಕ ಎರಡನೆಯ ಅವಕಾಶ ಒಂದು ಇಡೀ ಮನೆಗೆ ಸಿಗಬಾರದೇ?

ನಿಮ್ಮ ಕಚೇರಿಗೆ ಫೋನು ಮಾಡಿ ಇದನ್ನೇ ಹೇಳಿದೆ. "ಬೇಡ ಅಂದಿದ್ದೀರಿ ಅಂತ ಇಲ್ಲಿ ಬಂದಿದೆಯಲ್ಲಾ," ಎಂದಿತು ಆ ಕಡೆಯ ದನಿ.

"ಅದು ಉಪಚಾರಕ್ಕೆ ಅಂದಿದ್ದು ಕಣಪ್ಪಾ."

"ಉಪಚಾರಕ್ಕೆ ನಮ್ಮಲ್ಲಿ ಕಾಲಂ ಇಲ್ಲ ಮೇಡಂ."

ಆ ಪ್ರಾಮಾಣಿಕ ದನಿಯ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟಿರುವುದು ಕಾಲಮ್ಮಿನ ಮೇಲೆ.

ಇನ್ನು ನಿಮ್ಮ ಕಾರು ಹೋದ ಮೇಲೆ ಏನಾಯಿತು ಎಂಬುದನ್ನೂ ಕೇಳಿ, ಸಂತೋಷಪಡುವಿರಿ. ಮಳೆ ನಿಲ್ಲಲಿಲ್ಲವಾದ್ದರಿಂದ ಅದೇ ಬಾಗಿಲ ಸೂರಿನಡಿ ಉಳಿದ ಚಹಾ ಹಂಚಿಕೊಂಡೆವು. ಕೇಕು ಬಾಯಲ್ಲಿದ್ದಾಗ ಜನ ನಿಜ ಮಾತಾಡುತ್ತಾರೆ. ಲಿಯಾನ್ ಇದ್ದದ್ದು ನಿಮ್ಮ ಕೌನ್ಸಿಲ್ಲಿನದೇ ಒಂದು ಬಹುಮಹಡಿ ಕಟ್ಟಡದಲ್ಲಿ, ಒಂದೇ ಮಲಗುವ ಕೋಣೆಯ ಮನೆಯಲ್ಲಿ; ಲಿಫ್ಟೇನೋ ಚೆನ್ನಾಗಿದೆ, ಮಕ್ಕಳಿಗೆ ಅಂಬೆಗಾಲಿಡಲು ಜಾಗವಿಲ್ಲ. ಮಿರ್ಜಾ ಅವರಿದ್ದದ್ದು ನಿಮ್ಮದೇ ಮೂರು ಕೋಣೆಯ ಮನೆಯಲ್ಲಿ. ಮಲಗುವ ಕೋಣೆಗಳೆಲ್ಲ ಮೇಲೆ, ಹೆಂಡತಿ ಮಾತ್ರ ಕೆಳಗೆ ಸೋಫಾದ ಮೇಲೆ.

"ಲಿಫ್ಟ್ ಇದ್ಯಾ?" ಎಂದರು ಮಿರ್ಜಾ ಅವರು.

"ಹಿತ್ಲು ಇದ್ಯಾ?" ಎಂದಳು ಲಿಯಾನ್.

"ಅಯ್ಯೋ, ಇಬ್ರೂ ಮನೆ ಅದಲು ಬದಲು ಮಾಡ್ಕೊಳ್ರಪ್ಪಾ!" ಎಂದ ಟ್ರೆವರ್, ಬಾಯಿತುಂಬ ಕೇಕಿಟ್ಟುಕೊಂಡು.

ಕೌನ್ಸಿಲ್ ಬಾಡಿಗೆದಾರರು ತಮ್ಮ ತಮ್ಮಲ್ಲೇ ಮನೆ ಬದಲಿಸಿಕೊಳ್ಳಬಹುದು ಎಂಬ ನಿಯಮ ನಿಮ್ಮದೇ. ನಿಮ್ಮದೇ ಕಚೇರಿಯ ಇನ್ನೊಂದು ಮೇಜು ಅದಕ್ಕೆ ಒಪ್ಪಿಗೆ ಕೊಟ್ಟಿತು. ವಸಂತದ ಹೊತ್ತಿಗೆ ಇಬ್ಬರೂ ಸಾಮಾನು ಸಾಗಿಸಿದರು. ನಾವೋ ಖಾಸಗಿ ಬಾಡಿಗೆದಾರರು, ಬದಲಿಸಿಕೊಳ್ಳಲು ನಮ್ಮ ಬಳಿ ಏನೂ ಇಲ್ಲ. ಇದ್ದದ್ದು ಸರದಿಯಲ್ಲಿ ಮೊದಲ ಜಾಗ.

ಮತ್ತೆ ಆ ಮನೆ? ಮೂವರು ಬೇಡವೆಂದ ಮೇಲೆ ನೀವು ಅದನ್ನು 'ಬೇಡಿಕೆಯಿಲ್ಲದ ಮನೆ' ಎಂದು ನಮೂದಿಸಿ, ಕಿಟಕಿಗಳಿಗೆ ತಗಡು ಬಡಿಸಿದಿರಿ. ಅಲ್ಲಿ ಯಾರೂ ವಾಸವಾಗಿಲ್ಲ ಎಂದು ನೋಡಿಕೊಳ್ಳಲು ಕಾವಲುಗಾರನೊಬ್ಬನಿಗೆ ಸಂಬಳವನ್ನೂ ಕೊಡುತ್ತಿದ್ದೀರಿ. ವಾಸಕ್ಕೆ ಮನೆ ಸಿಗಲಿ ಎಂದು ಕಾಯುವವರ ಪಟ್ಟಿ ಒಂದು ಕಡೆ, ಯಾರೂ ವಾಸವಾಗದಿರಲಿ ಎಂದು ಕಾಯುವವನು ಇನ್ನೊಂದು ಕಡೆ. ಎರಡಕ್ಕೂ ದುಡ್ಡು ಹೋಗುವುದು ನಮ್ಮ ತೆರಿಗೆಯಿಂದ.

ನನ್ನ ಬೇಡಿಕೆ ದೊಡ್ಡದಲ್ಲ. ಸರದಿ ಮುರಿಯುವವರನ್ನು ಕಂಡರೆ ನನಗೂ ಆಗದು. ನಾವು ಯಾರನ್ನೂ ಹಿಂದಿಕ್ಕಿ ಕೇಳುತ್ತಿಲ್ಲ, ಮೊದಲಿಗರು ನಾವೇ ಆಗಿದ್ದೆವು. ನಿಮ್ಮ ಟ್ಯಾಬಿನಲ್ಲಿ ಇನ್ನೊಂದು ಕಾಲಂ ಸೇರಿಸಿ: 'ಎರಡನೆಯ ಸಲ ಕೇಳಲಾಯಿತೇ?' ಆಮೇಲೆ ಆ ತಗಡು ಕೀಳಿಸಿ, ಯಾರನ್ನಾದರೂ ನಮ್ಮ ಮೂರನೆಯ ಮಹಡಿಗೆ ಹತ್ತಿಸಿ ಕೇಳಿಸಿ. ಹತ್ತುವಷ್ಟರಲ್ಲಿ ಅವರಿಗೂ ವಿಷಯ ಅರ್ಥವಾಗಿರುತ್ತದೆ. ಕೇಕು ಸಿದ್ಧವಿರುತ್ತದೆ.

ಕೊನೆಗೆ, ಯಾರಿಗೆ ಏನು ಸಿಕ್ಕಿತು ಎಂಬುದರ ಲೆಕ್ಕ. ಲಿಯಾನ್‌ಳ ಮಕ್ಕಳಿಗೆ ಹಿತ್ತಿಲು, ಮಣ್ಣು, ಬಾಯಿಗೆ ಹಾಕಿಕೊಳ್ಳಲು ಬೇಕಾದಷ್ಟು ಹುಳ. ಮಿರ್ಜಾ ಅವರ ಹೆಂಡತಿಗೆ ಮಂಚ. ಮಿರ್ಜಾ ಅವರಿಗೆ ಬಸ್ ನಿಲ್ದಾಣ ಕಾಣುವ ಕಿಟಕಿ, ತಡವಾಗಿ ಬರುವ ಡ್ರೈವರುಗಳನ್ನು ಬೈಯುವ ಸುಖ. ನಿಮ್ಮ ಅಧಿಕಾರಿಣಿಗೆ ಎರಡು ತುಂಡು ಕೇಕು. ಕಾವಲುಗಾರನಿಗೆ ಕೆಲಸ. ನಿಮಗೆ ತಗಡು ಬಡಿದ ಒಂದು ಮನೆ. ನಮಗೆ, ಸಾಸಿವೆ ಬಣ್ಣದ ಪರದೆಗಳು: ನಿಮ್ಮ ಅಧಿಕಾರಿಣಿ ವಿದ್ಯುತ್ ಮೀಟರ್ ನೋಡುತ್ತಿದ್ದಾಗ ನಾನು ಗೇಣು ಹಾಕಿ ಕಿಟಕಿಗಳ ಅಳತೆ ತೆಗೆದುಕೊಂಡಿದ್ದೆ, ನೀವು ಇನ್ನೊಂದು ಸಲ ಕೇಳಿಯೇ ಕೇಳುತ್ತೀರೆಂದು ನಂಬಿ ಆ ರಾತ್ರಿಯೇ ಬಟ್ಟೆ ಕತ್ತರಿಸಿದೆ. ಹೊಲಿದು, ಇಸ್ತ್ರಿ ಮಾಡಿ, ಮಡಚಿ ಇಟ್ಟಿದ್ದೇನೆ. ಪರದೆ ನಮ್ಮ ಬಳಿ ಇದೆ. ಕಿಟಕಿ ನಿಮ್ಮ ಬಳಿ ಇದೆ.

ಇಂತಿ,
ಇನ್ನೊಂದು ಸಲ ಕೇಳಿದರೆ ತಡಮಾಡದೆ 'ಹೂಂ' ಎನ್ನಲಿರುವ
ಬೆರಿಲ್ ಹೆಪ್‌ವರ್ತ್
ಪರದೆ ಬಟ್ಟೆ ಮಳಿಗೆ, ಹಳೆ ಮಾರುಕಟ್ಟೆ
(ಕಂಚು ದರ್ಜೆ)