ಹೊಂಗೆಬನದ ಲಿಫ್ಟಿನ ಪಕ್ಕ ಫಲಕ ಬರೆಸಿದವರಿಗೆ

ಶಾಲಿವಾಹನ ಶಕ ಎರಡು ಸಾವಿರದ ತೊಂಬತ್ತನಾಲ್ಕು, ಆಂಗೀರಸ ಸಂವತ್ಸರ, ಶ್ರಾವಣದ ಎರಡನೆಯ ಶನಿವಾರ.
ಹೊಂಗೆಬನ ಬಡಾವಣೆ, ಬೆಂಗಳೂರಿನ ತೆಂಕಣ ಅಂಚು.

ಹೊಂಗೆಬನದಲ್ಲಿ ಮೊದಲು ಒಲೆ ಹೊತ್ತಿಸಿದ ಹಿರಿಯರಿಗೆ ದೇವೀರಮ್ಮ ಮಾಡುವ ನಮಸ್ಕಾರಗಳು.

ಇವತ್ತು ನನಗೆ ಒಪ್ಪತ್ತು. ಎದ್ದು ಮನೆ ಮುಂದಿನ ಜಾಗ ಗುಡಿಸಿ ಸಾರಿಸಿ ರಂಗೋಲಿ ಎಳೆದೆ. ಹಂಡೆಯ ನೀರು ಸೋಸಿದೆ, ದೇವರ ಮನೆ ತೊಳೆದೆ, ತುಳಸಿಗೆ ನೀರು ಹಾಕಿದೆ, ವೆಂಕಟರಮಣಸ್ವಾಮಿಗೆ ದೀಪ ಹಚ್ಚಿ ಬರೆಯಲು ಕೂತಿದ್ದೇನೆ. ಹೊಟ್ಟೆ ಖಾಲಿ ಇದ್ದಾಗ ಸುಳ್ಳು ಬರೆಯುವುದು ಕಷ್ಟ ಎಂದು ನಮ್ಮೂರ ಮೇಷ್ಟರು ಹೇಳುತ್ತಿದ್ದರು.

ನನ್ನ ಮಾತು ನಿಮಗೆ ವಿಚಿತ್ರವಾಗಿ ಕಂಡರೆ ಮನ್ನಿಸಬೇಕು. ನಾನು ಓದಿದ್ದು ಕನಕಪುರದಾಚೆಯ ಒಂದು ಹಳ್ಳಿಯ ಶಾಲೆಯಲ್ಲಿ. ಮದುವೆಯಾಗಿ ಇಲ್ಲಿಗೆ ಬಂದವಳು, ಈಗ ವಯಸ್ಸು ಐವತ್ತಾಯಿತು. ನಿಮಗೂ ನನಗೂ ನಡುವೆ ಐದಾರು ತಲೆಮಾರು ಸರಿದಿವೆ. ನೀವು ಆಡುತ್ತಿದ್ದ ಎಷ್ಟೋ ಮಾತು ನಮ್ಮ ಬಾಯಲ್ಲಿ ಉಳಿದಿಲ್ಲ, ನಾವು ಆಡುವ ಎಷ್ಟೋ ಮಾತು ನಿಮ್ಮ ಕಿವಿಗೆ ಇನ್ನೂ ಬಿದ್ದಿಲ್ಲ. ಈ ಕಾಗದಕ್ಕೆ ನಾವು ಹಿನ್ನೋಲೆ ಎನ್ನುತ್ತೇವೆ. ಹಿಂದಿನವರಿಗೆ ಬರೆಯುವ ಓಲೆ, ಒಬ್ಬರಿಗೆ ಜನ್ಮಕ್ಕೆ ಒಂದೇ. ಅದು ಹೇಗೆ ಹೋಗುತ್ತದೋ ನಾನರಿಯೆ. ಅಂಚೆಮನೆಯ ಹುಡುಗಿಯನ್ನು ಕೇಳಿದರೆ ಅವಳೂ ನಗುತ್ತಾಳೆ. ಸಾಮಾನ್ಯವಾಗಿ ಎಲ್ಲರೂ ಮದುವೆ, ಮಕ್ಕಳು, ಮನೆ ಕಟ್ಟಿದ ಸುದ್ದಿ ಬರೆದು ಹಿರಿಯರಿಗೆ ಸಂತೋಷ ಕೊಡುತ್ತಾರೆ. ನನ್ನ ಪಾಲಿನದನ್ನು ನಾನು ಮೊಮ್ಮಗಳ ನಾಮಕರಣಕ್ಕೆಂದು ಎತ್ತಿಟ್ಟುಕೊಂಡಿದ್ದೆ. ಅದನ್ನು ಇಂಥ ವಿಷಯಕ್ಕೆ ಬಳಸಬೇಕಾಯಿತು.

ನೀವು ಕಟ್ಟಿದ ಬಡಾವಣೆ ಇನ್ನೂ ನಿಂತಿದೆ. ಬಣ್ಣ ಹೋಗಿದೆ, ಕಂಬಗಳು ಗಟ್ಟಿಯಾಗಿವೆ. ಫಸ್ಟ್ ಕ್ರಾಸ್, ಸೆಕೆಂಡ್ ಕ್ರಾಸ್ ಎಂಬ ಹೆಸರುಗಳೂ ಹಾಗೇ ಇವೆ, ಆದರೆ ವರ್ಷದಲ್ಲಿ ಕೆಲವು ತಿಂಗಳು ಅವು ರಸ್ತೆಗಳಲ್ಲ, ಕಾಲುವೆಗಳು. ಉತ್ತರೆ ಮಳೆ ಹಿಡಿಯಿತೆಂದರೆ ನಗರ ತನ್ನ ನೀರನ್ನೆಲ್ಲ ಅಂಚಿಗೆ ನೂಕುತ್ತದೆ. ಅಂಚಿನವರು ನಾವು. ಆ ಕಾಲಕ್ಕೆ ನೀರೇರು ಎನ್ನುತ್ತೇವೆ. ಆಗ ಸೊಪ್ಪಿನವಳು ತೆಪ್ಪದಲ್ಲಿ ಬಂದು ಕೂಗುತ್ತಾಳೆ. ನಾವು ಬಾಲ್ಕನಿಯಿಂದ ಹಗ್ಗ ಕಟ್ಟಿದ ಬುಟ್ಟಿ ಇಳಿಬಿಡುತ್ತೇವೆ. ಒಂದನೇ ಅಂತಸ್ತಿನವರು ದವಸವನ್ನೆಲ್ಲ ಅಟ್ಟಕ್ಕೇರಿಸುತ್ತಾರೆ. ನಿಮ್ಮ ಮಕ್ಕಳು ಜಾರುಬಂಡೆ ಆಡುತ್ತಿದ್ದ ಪಾರ್ಕಿನಲ್ಲಿ ಬಾತುಕೋಳಿ ಸಾಕಿಕೊಂಡಿದ್ದೇವೆ. ದೀಪಾವಳಿಯ ಹೊತ್ತಿಗೆ ನೀರು ಇಳಿಯುತ್ತದೆ. ಎಲ್ಲರೂ ಸೇರಿ ಕೆಸರು ಬಾಚಿ ಅದನ್ನೇ ತಾರಸಿಗೆ ಹಾಕಿ ರಾಗಿ, ಅವರೆ ಬೆಳೆಯುತ್ತೇವೆ. ಆ ಮಣ್ಣಿನ ಅವರೆಕಾಯಿಗೆ ಸೊಗಡು ಜಾಸ್ತಿ. ಬದುಕು ಕೆಟ್ಟದ್ದೇನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದಿನದನ್ನು ಓದಿ ನಾವು ಗತಿಗೆಟ್ಟವರೆಂದು ನೀವು ತಿಳಿಯಬಾರದು. ಗತಿಯಿದ್ದೂ ಹೀಗಿದ್ದೇವೆ.

ನಿಮ್ಮ ಕಟ್ಟಡಗಳ ಬುಡದಲ್ಲಿ ಗೋಡೆಯಿಲ್ಲದೆ ಬರೀ ಕಂಬಗಳಿರುವ ಜಾಗವಿದೆಯಲ್ಲ, ನೀವು ಕಾರು ನಿಲ್ಲಿಸುತ್ತಿದ್ದದ್ದು. ಕಾರನ್ನು ನಾನು ಚಿತ್ರದಲ್ಲಿ ನೋಡಿದ್ದೇನೆ. ಅಲ್ಲಿ ಈಗ ಜನ ಇದ್ದಾರೆ. ರಾಯಚೂರು, ಕೊಪ್ಪಳದ ಕಡೆ ಬೇಸಿಗೆಯನ್ನು ಮನುಷ್ಯಮಾತ್ರದವರು ತಾಳುವಂತಿಲ್ಲ ಎಂದಾದ ಮೇಲೆ ಇತ್ತ ಬಂದವರು. ಕಂಬದವರು ಎನ್ನುತ್ತೇವೆ. ಒಂದು ಕಾರಿನ ಜಾಗ ಒಂದು ಸಂಸಾರಕ್ಕೆ. ಕಂಬದ ಮೇಲೆ ನೀವು ಬರೆಸಿದ ಅಂಕಿಯೇ ಅವರ ವಿಳಾಸ. ಮೇಲಿನ ಮನೆಗಳ ಬಟ್ಟೆ ಒಗೆಯುವವರು, ನೀರು ಹೊರುವವರು, ಮಗುವಿಗೂ ಬಾಣಂತಿಗೂ ಎರೆಯುವವರು ಅವರೇ. ನೀರೇರು ಬಂದಾಗ ಅವರು ಮಕ್ಕಳುಮರಿ, ಪಾತ್ರೆಪಗಡ, ಆಡು ಎಲ್ಲ ಹೊತ್ತುಕೊಂಡು ಹನ್ನೊಂದು ಅಂತಸ್ತು ಹತ್ತಿ ತಾರಸಿಗೆ ಹೋಗುತ್ತಾರೆ. ಮೆಟ್ಟಿಲಲ್ಲೇ ಹತ್ತುತ್ತಾರೆ.

ಏಕೆಂದರೆ ಏರುಗೂಡಿಗೆ, ಅಂದರೆ ನಿಮ್ಮ ಲಿಫ್ಟಿಗೆ, ಅವರು ಕಾಲಿಡುವಂತಿಲ್ಲ. ಏರುಗೂಡು ಕೆಟ್ಟಿದೆಯೆಂದಲ್ಲ. ಬಿಸಿಲಿನ ಬಲದಲ್ಲಿ ಚೆನ್ನಾಗಿಯೇ ಓಡುತ್ತದೆ. ಆದರೆ ಅದರ ಬಾಗಿಲ ಪಕ್ಕ ನೀವು ಹಾಕಿಸಿದ ಒಂದು ಉಕ್ಕಿನ ಫಲಕವಿದೆ. ಮೊದಲ ದೊಡ್ಡ ನೀರಿನಲ್ಲಿ ನಿಮ್ಮ ಕಾಗದಪತ್ರಗಳೆಲ್ಲ ಕೊಚ್ಚಿಹೋದವು, ಹಿರಿಯರದ್ದೆಂದು ಉಳಿದ ಬರಹ ಅದೊಂದೇ. ಅದಕ್ಕೆ ಕಲ್ಲಿನ ಚೌಕಟ್ಟು ಕಟ್ಟಿ, ಅರಿಶಿನ ಕುಂಕುಮ ಹಚ್ಚಿ, ಶನಿವಾರ ಶನಿವಾರ ಎಣ್ಣೆದೀಪ ಇಡುತ್ತೇವೆ. ನಮ್ಮ ಓರಗಿತ್ತಿಯರ ಪೈಕಿ ದೀಪದ ಕೆಲಸ ನನ್ನದು. ನೀವು ಬರೆಸಿದ್ದು ನಿಮಗೆ ನೆನಪಿದೆಯೋ ಇಲ್ಲವೋ, ಇಲ್ಲಿ ಎತ್ತಿ ಬರೆಯುತ್ತೇನೆ: “ಮನೆಗೆಲಸದವರು ಮತ್ತು ಸಾಕುಪ್ರಾಣಿಗಳು ಈ ಲಿಫ್ಟ್ ಬಳಸುವಂತಿಲ್ಲ. ಅಪ್ಪಣೆ ಮೇರೆಗೆ, ಕಾರ್ಯದರ್ಶಿ.”

ಹದಿನೇಳನೇ ಕಂಬದಲ್ಲಿ ಹುಲಿಗೆವ್ವ ಎಂಬ ಮುದುಕಿ ಇದ್ದಾಳೆ. ನನ್ನ ಇಬ್ಬರು ಮಕ್ಕಳಿಗೂ ಅವಳೇ ಕಾಲ ಮೇಲೆ ಹಾಕಿಕೊಂಡು ಎರೆದವಳು. ಕಳೆದ ಸೋಮವಾರ ನಲ್ಲಿಯ ಹತ್ತಿರ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ನೋಡಿದ ಡಾಕ್ಟರಮ್ಮ ಅವಳನ್ನು ಹಲಗೆಯ ಮೇಲೆ ನೆಟ್ಟಗೆ ಮಲಗಿಸಿಯೇ ಎತ್ತಬೇಕು, ಮಡಿಸಿ ಹೊತ್ತರೆ ಜೀವಕ್ಕೆ ಅಪಾಯ ಎಂದರು. ನಮ್ಮ ಮೆಟ್ಟಿಲ ತಿರುವಿನಲ್ಲಿ ಹಲಗೆ ತಿರುಗುವುದಿಲ್ಲ, ನಮ್ಮ ಎರಡನೇ ಅಂತಸ್ತಿನವರೆಗೂ ಒಯ್ಯಲಾಗುವುದಿಲ್ಲ. ಏರುಗೂಡಿನಲ್ಲಿ ಉದ್ದುದ್ದ ಹಿಡಿಯುತ್ತದೆ. ನಿಮ್ಮ ಕಾಲದಲ್ಲಿ ಅದರಲ್ಲಿ ಸೋಫಾ ಹೋಗುತ್ತಿತ್ತಂತೆ. ಬಡಾವಣೆಯಾಚೆ ಒಯ್ಯೋಣವೆಂದರೆ ದಾರಿಯಲ್ಲಿ ಈಗಾಗಲೇ ಮೊಣಕಾಲುದ್ದ ಕೆಸರು. ಉತ್ತರೆ ಮಳೆ ಬರುವುದರೊಳಗೆ ಅವಳು ಮೇಲೆ ಹೋಗಬೇಕು. ಇಲ್ಲದಿದ್ದರೆ ನೀರು ಅವಳ ಮಂಚಕ್ಕೇ ಬರುತ್ತದೆ.

ಬುಧವಾರ ಮೇಲಿನ ಮನೆಗಳವರ ಕೂಟ ಸೇರಿತು. ಕೂಟದ ಯಜಮಾನರು ನನ್ನ ಭಾವ, ಮುದ್ದೇಗೌಡರು. ಹುಲಿಗೆವ್ವನ ಮಗ ದುರಗಪ್ಪ ಜಮಖಾನದಾಚೆ ನಿಂತು ಕೈಮುಗಿದ. “ಗೌಡ್ರ, ಒಂದ ಸಲ ಬಾಗಲಾ ತಗೀರಿ. ನಮ್ಮವ್ವ ಮ್ಯಾಲ ಹೋದ ಕೂಡ್ಲೆ ನಾನ ಒಳಗೆಲ್ಲ ತೊಳದು ಸಾರಸ್ತೀನಿ.” ಯಾರೋ ಹಿಂದಿನಿಂದ ಅಂದರು, “ಇವತ್ತು ಅವ್ವ ಅಂತಾರೆ, ನಾಳೆ ಆಡಿಗೂ ಮಂಡಿನೋವು ಅಂತಾರೆ. ಆಮೇಲೆ ನಾವು ಕ್ಯೂ ನಿಲ್ಬೇಕು, ಅಷ್ಟೆ.” ಎಲ್ಲರೂ ನಕ್ಕರು. ನಾನು ಸೆರಗನ್ನು ಬಾಯಿಗೆ ಅಡ್ಡ ಹಿಡಿದುಕೊಂಡೆ. ಏಕೆ ಹಿಡಿದುಕೊಂಡೆನೆಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ.

ಭಾವನವರು ನಗಲಿಲ್ಲ. ಅವರು ಕೆಟ್ಟವರಲ್ಲ, ಅವರಿಗೂ ಹಸುಗೂಸಾಗಿದ್ದಾಗ ಯಾರೋ ಕಂಬದವಳೇ ಎರೆದಿರಬೇಕು. ಬಹಳ ಹೊತ್ತು ಫಲಕವನ್ನೇ ನೋಡಿದರು. “ಹಿರೀಕರು ಬರೆದಿಟ್ಟದ್ದನ್ನ ಅಳಿಸೋಕೆ ನಾನ್ಯಾವನಪ್ಪ? ಅವ್ರೇ ಬೇಡ ಅಂತ ಒಂದು ಮಾತು ಹೇಳ್ಲಿ, ನಾನೇ ನಿಂತ್ಕಂಡು ಬಾಗ್ಲು ತೆಗೀತೀನಿ,” ಎಂದು ಎದ್ದುಹೋದರು. ದುರಗಪ್ಪ ಅಲ್ಲೇ ನಿಂತಿದ್ದ. ಜಮಖಾನ ಮಡಿಸುವವರು ಅವನಿಗೆ “ಸರ್ಕೊಳ್ಳೋ” ಎಂದರು.

ಮಾರನೆಯ ದಿನ ಗಂಜಿ ತೆಗೆದುಕೊಂಡು ಕೆಳಗೆ ಹೋದೆ. ಹುಲಿಗೆವ್ವನ ಮಂಚದಿಂದ ಏರುಗೂಡಿನ ಬಾಗಿಲು ನೇರವಾಗಿ ಕಾಣುತ್ತದೆ. ನನ್ನನ್ನು ಕಂಡು ನಕ್ಕಳು. “ಬರ್ರಿ ಅಕ್ಕಾರ. ನನಗಂತೂ ಈಜು ಬರಂಗಿಲ್ಲ. ಈ ಮಂಚಕ್ಕ ಬರತೈತೇನು, ನೋಡಬೇಕು,” ಎಂದಳು. ಗಂಜಿ ಕುಡಿದು, ಮಲಗಿದಲ್ಲಿಂದಲೇ ಫಲಕದ ಕಡೆ ಕೈಮುಗಿದಳು. ಆಮೇಲೆ ಕೇಳಿದಳು, “ಅಕ್ಕಾರ, ನೀವು ಸಾಲಿ ಕಲ್ತವ್ರು. ದಿನಾ ಕೈ ಮುಗೀತೀನಿ, ಅದರಾಗ ಯಾವ ದೇವ್ರ ಹೆಸರೈತಿ ಅಂತ ಗೊತ್ತಿಲ್ಲ. ಒಂದೀಟು ಓದಿ ಹೇಳ್ರಲ್ಲ.”

ಹಿರಿಯರೇ, ಕಂಬದವರಿಗೆ ಏರುಗೂಡು ಸಲ್ಲದೆಂಬುದು ಅವಳಿಗೆ ಗೊತ್ತಿತ್ತು. ಅದನ್ನು ಹೇಳುವ ಬರಹಕ್ಕೇ ನಾವು ಕುಂಕುಮ ಇಡುತ್ತೇವೆಂದು ಗೊತ್ತಿರಲಿಲ್ಲ. ನಾನು ಓದದೆ ಎದ್ದು ಬರಬಹುದಿತ್ತು. ಓದಿದೆ. ಮೇಷ್ಟರ ಮುಂದೆ ಪಾಠ ಒಪ್ಪಿಸುವ ಹಾಗೆ ಒಂದಕ್ಷರ ಬಿಡದೆ ಓದಿದೆ. ಅವಳ ಮುಗಿದ ಕೈ ಇನ್ನೂ ಎದೆಯ ಮೇಲೇ ಇತ್ತು. “ಇಷ್ಟ ದಿನ ನಾ ಇದಕ್ಕ ಕೈ ಮುಗದ್ನೇನ್ರಿ?” ಎಂದಳು. ನನ್ನ ಮುಖ ನೋಡಿ ಅವಳಿಗೇ ಕನಿಕರ ಬಂತೋ ಏನೋ, “ಇರ್ಲಿ ಬಿಡ್ರಿ, ಅಕ್ಷರ ಚಂದ ಬರಸ್ಯಾರ. ನಮ್ಮ ಆಡಿನ ಹೆಸರೂ ಹಾಕ್ಯಾರಲ್ಲ, ಮರತಿಲ್ಲ,” ಎಂದು ಮತ್ತೆ ನಕ್ಕಳು. ನನಗೆ ಮೆಟ್ಟಿಲು ಹತ್ತಿ ಮನೆ ಸೇರುವ ದಾರಿ ದೂರವಾಯಿತು.

ನಿಮ್ಮನ್ನು ಬೈಯಲು ಬರೆಯುತ್ತಿಲ್ಲ. ಯಾವ ಬೆಳಗ್ಗೆ ಯಾರಿಗೆ ಆಫೀಸಿಗೆ ತಡವಾಗಿತ್ತೋ, ಯಾರ ಬೆವರು ಯಾರ ಮೂಗಿಗೆ ಬಡಿಯಿತೋ, ನೀವು ಒಂದು ಗಳಿಗೆಯ ಬೇಸರಕ್ಕೆ ಬರೆಸಿರಬೇಕು. ಅದಕ್ಕೆ ಯಾರಾದರೂ ದೀಪ ಹಚ್ಚುತ್ತಾರೆಂದು ನೀವು ಕನಸಿನಲ್ಲೂ ಎಣಿಸಿರಲಾರಿರಿ. ದೀಪ ಹಚ್ಚಿದ್ದು ನಾವು. ಇಂಥ ಮಾತನ್ನು ತೊಳೆದು, ತಿಕ್ಕಿ, ಹೊಳಪಿಟ್ಟು ಕಾಪಾಡಿದ್ದು ನಾವು. ನೀವು ಇನ್ನೇನೇನು ಒಳ್ಳೆಯದು ಬರೆದಿದ್ದಿರೋ ಅದೆಲ್ಲ ನೀರಿಗೆ ಹೋಯಿತು.

ನನ್ನ ಬೇಡಿಕೆ ಇಷ್ಟೆ. ಆ ಕಾರ್ಯದರ್ಶಿ ನೀವೇ ಆಗಿದ್ದರೆ ನೀವು, ಇಲ್ಲವಾದರೆ ಅವರನ್ನು ಬಲ್ಲವರು, ಒಂದೇ ಒಂದು ಸಾಲು ಬರೆಯಿರಿ: ಆ ಮಾತನ್ನು ಹಿಂದಕ್ಕೆ ತೆಗೆದುಕೊಂಡಿದ್ದೇವೆ ಎಂದು. ಅದೇ ಹೆಸರು, ಅದೇ ಮೊಹರು ಇರಲಿ, ಭಾವನವರಿಗೆ ಅನುಮಾನ ಬರಬಾರದು. ಅದನ್ನು ಗಾಜಿನ ಭರಣಿಯಲ್ಲಿ ಹಾಕಿ, ಬಾಯಿಗೆ ಮೇಣ ಬಳಿದು, ತಾರಸಿಯ ಮೇಲೆ ಏರುಗೂಡಿನ ಯಂತ್ರವಿರುವ ಕೋಣೆಯಲ್ಲಿ, ಬಾಗಿಲ ಮೇಲಿನ ಗೂಡಿನಲ್ಲಿ ಇಟ್ಟುಬಿಡಿ. ಅಲ್ಲಿಗೆ ಯಾವ ನೀರೂ ಮುಟ್ಟಿಲ್ಲ.

ನನಗೆ ಅತ್ಯಂತ ನಾಚಿಕೆಯಾಗುವುದು ಇದನ್ನು ಬೇಡುತ್ತಿರುವುದಕ್ಕೇ. ಏರುಗೂಡಿನ ಬಾಗಿಲು ತೆರೆಯಲು ಒಂದು ಗುಂಡಿ ಒತ್ತಿದರೆ ಸಾಕು, ಅದು ನನ್ನ ಬೆರಳಿಗೆ ಎಟುಕುತ್ತದೆ. ಸರಿ ಯಾವುದು, ತಪ್ಪು ಯಾವುದು ಎಂಬುದೂ ನನಗೆ ಗೊತ್ತು. ಗೊತ್ತಿದ್ದೂ ಭಾವನವರ ಎದುರು, ನಕ್ಕ ಅಷ್ಟೂ ಜನರ ಎದುರು ಆ ಗುಂಡಿ ಒತ್ತಲು ಸತ್ತವರ ಚೀಟಿ ಹುಡುಕುತ್ತಿದ್ದೇನೆ. ಚೀಟಿ ಸಿಗದಿದ್ದರೆ ನಾನೇ ಒತ್ತುತ್ತೇನೆಂದು ಇವತ್ತು ಬೆಳಗ್ಗೆ ಸ್ವಾಮಿಯ ಮುಂದೆ ನಿಂತು ಹೇಳಹೋದೆ. ಅರ್ಧ ಹೇಳಿದೆ. ಉಳಿದರ್ಧಕ್ಕೆ ಬಾಯಿ ಬರಲಿಲ್ಲ. ಹೇಳಲು ಆದದ್ದು ಒಂದೇ ಹರಕೆ: ಹುಲಿಗೆವ್ವ ಏರುವ ತನಕ ನಾನೂ ಏರುಗೂಡಿನೊಳಗೆ ಕಾಲಿಡುವುದಿಲ್ಲ.

ಹಾಗಾಗಿ ತಾರಸಿಗೆ ಹೋಗಿ ನೋಡಲು ನನ್ನಿಂದಾಗದು. ಎರಡು ಅಂತಸ್ತು ಹತ್ತುವಷ್ಟರಲ್ಲೇ ಮಂಡಿ ಕೂಗುತ್ತದೆ. ನೀವು ಬರೆದದ್ದೇ ಆದರೆ ಆ ಉತ್ತರ ಇಷ್ಟು ವರ್ಷದಿಂದ ಅಲ್ಲೇ ಇದೆ. ನಾನಿದನ್ನು ಬರೆಯುತ್ತಿರುವ ಈ ಹೊತ್ತಿಗೂ ನನ್ನ ತಲೆಯ ಮೇಲೆಯೇ ಇದೆ. ನಿಮ್ಮ ಮಕ್ಕಳಿಗೆ ಹೇಳಿ, ಅವರು ಅವರ ಮಕ್ಕಳಿಗೆ ಹೇಳಲಿ. ಆಂಗೀರಸದ ಶ್ರಾವಣದಲ್ಲಿ ಯಾರಾದರೂ ಒಬ್ಬರು ಮೇಲಿಂದ ಅದನ್ನು ತೆಗೆದುಕೊಂಡು, ಮೆಟ್ಟಿಲಿಳಿದು ಬಂದು, ಎರಡನೇ ಅಂತಸ್ತಿನ ದೇವೀರಮ್ಮನ ಕೈಗೆ ಕೊಡಲಿ. ಬಾಗಿಲು ಹಾಕಿಲ್ಲ.