ಶಾಫ್ಟಿಗೆ ಸುತ್ತಿದ ಹಗ್ಗ

ಮಾರ್ಚ್ 4, ಬೆಳಿಗ್ಗೆ

ಮತ್ತೆ ಕೆಳಗಿಳಿದೆ. ಪ್ರೊಪೆಲರ್ ಶಾಫ್ಟು ಹಡಗಿನಿಂದ ಹೊರಗೆ ಹೋಗುವ ಜಾಗದಲ್ಲಿ, ಸಮುದ್ರವನ್ನು ತಡೆಯುವ ಗ್ಲ್ಯಾಂಡಿನ ಸುತ್ತ, ನೀರು. ನಿನ್ನೆ ಹನಿ, ಇವತ್ತು ದಾರ. ನಟ್ಟು ಬಿಗಿದೆ. ನಿಲ್ಲಲಿಲ್ಲ. ಒಳಗೆ ಶಾಫ್ಟಿಗೆ ಸುತ್ತಿದ ಹಗ್ಗದ ಪ್ಯಾಕಿಂಗ್ ಒಣಗಿ ಕಲ್ಲಾಗಿದೆ, ಹಿಂಡಿದರೂ ಹಿಗ್ಗುವುದಿಲ್ಲ. ಸ್ಟೋರಿನಲ್ಲಿ ಹೊಸದಿಲ್ಲ. ಮಾಲೀಕ ಹಡಗನ್ನೇ ಕೈಬಿಟ್ಟಿದ್ದಾನೆ, ಫೋನ್ ಎತ್ತುವುದಿಲ್ಲ. ಲಂಗರು ಹಾಕಿದ ಮೇಲೆ ಉಳಿದವರೆಲ್ಲ ಒಬ್ಬೊಬ್ಬರಾಗಿ ಜಾರಿಕೊಂಡರು. ಈಗ ಇರುವುದು ಮೂವರೇ: ಚೀಫ್ ಇಂಜಿನಿಯರ್, ಅಡುಗೆಯವನು, ಫಿಟ್ಟರ್ ಆದ ನಾನು.

ಅಡುಗೆಯವನಿಗೆ 'ಸಪ್ಪೆ' ಎಂದು ಹೆಸರಿಟ್ಟಿದ್ದು ಚೀಫ್. "ಸುತ್ತ ಸಮುದ್ರ ಇದೆ ಕಣಯ್ಯ, ನಿನ್ನ ಅಡುಗೆಗೆ ಮಾತ್ರ ಉಪ್ಪಿಲ್ಲ."

ಮಾರ್ಚ್ 6

ಪ್ಯಾಕಿಂಗ್ ನಾನೇ ಹೆಣೆದೆ. ಹಳೆಯ ಹಗ್ಗ ಬಿಚ್ಚಿ, ಎಳೆಗಳಿಗೆ ಗ್ರೀಸ್ ತಿಕ್ಕಿ, ಚೌಕವಾಗಿ. ಸಪ್ಪೆ ನೋಡುತ್ತ ನಿಂತ.

"ಜಡೆ ಹಾಕೋದು ಎಲ್ಲಿ ಕಲಿತೆ?"

"ಮಗಳಿಗೆ ಹಾಕಿ."

ಅವನು ನಗಲಿಲ್ಲ.

ಹೊರಗಿನ ಎರಡು ಸುತ್ತು ಮಾತ್ರ ಬದಲಿಸಿದೆ. ಮುಖಕ್ಕೆ ನೀರು ರಾಚುತ್ತಿತ್ತು. ಓರೆಯಾಗಿ ಕತ್ತರಿಸಿ, ಒಂದರ ಸಂದು ಇನ್ನೊಂದರ ಮೇಲೆ ಬಾರದಂತೆ ತುರುಕಿದೆ. ನಿಂತಿತು — ಹೆಚ್ಚುಕಡಿಮೆ. ಒಳಬಂದಷ್ಟು ನೀರನ್ನು ಪಂಪ್ ಹೊರಹಾಕುತ್ತದೆ.

ಮಾರ್ಚ್ 15

ಚೀಫ್ ಹಾಸಿಗೆ ಬಿಟ್ಟು ಏಳುತ್ತಿಲ್ಲ. ಕಾಲು ಊದಿದೆ. "ಪಂಪ್ ಓಡ್ತಿದೆಯಾ?" ಅಷ್ಟೇ ಮಾತು. ಸಪ್ಪೆ ಗಂಜಿ ಹಿಡಿದು ಪಕ್ಕದಲ್ಲೇ ಕೂತಿರುತ್ತಾನೆ, ಹೆತ್ತವಳ ಹಾಗೆ.

ಗ್ಲ್ಯಾಂಡ್ ಮತ್ತೆ ಸೋರಿತು. ಮತ್ತೆ ಹೆಣೆದೆ. ಹೊಳೆಯಲ್ಲಿ ಹುಣಸೆಹಣ್ಣು ಕಿವುಚುವ ಕೆಲಸ.

ಮಾರ್ಚ್ 17

ಬಂದರಿನ ಬೋಟ್ ಬಂತು. ಕೊನೆಗೂ! ಚೀಫ್‌ಗೆ ಸ್ಟ್ರೆಚರ್. ನಾವಿಬ್ಬರೂ ಬ್ಯಾಗ್ ತುಂಬಿಕೊಂಡೆವು. ಅಧಿಕಾರಿ ಕೆಟ್ಟವನಲ್ಲ, ಆದರೆ ಮುಖ ನೋಡಿ ಮಾತಾಡಲಿಲ್ಲ.

"ಹಡಗು ಖಾಲಿ ಬಿಡೋ ಹಾಗಿಲ್ಲ. ಒಬ್ಬರು ಇರಲೇಬೇಕು."

"ಎಲ್ಲಿವರೆಗೆ?"

"ಬೇರೆಯವರು ಬರೋವರೆಗೆ."

"ಯಾರು ಬರ್ತಾರೆ ಸಾರ್?"

ಅವನು ಸ್ಟ್ರೆಚರ್ ಕಡೆ ತಿರುಗಿದ.

"ನಾನಿರ್ತೀನಿ, ನೀನು ಹೋಗು. ನಿನಗೆ ಮಗು ಇದೆ" ಎಂದ ಸಪ್ಪೆ. ಬಾಯಿಮಾತಿಗಲ್ಲ, ಮನಸಾರೆ. ಸ್ಪ್ಯಾನರ್ ಯಾವ ಕಡೆ ತಿರುಗಿಸಬೇಕೆಂದು ಗೊತ್ತಿಲ್ಲದವನು. ವಾರದೊಳಗೆ ಮುಳುಗುತ್ತಿದ್ದ. ಬ್ಯಾಗ್ ಕೆಳಗಿಟ್ಟೆ. ಏಣಿ ಇಳಿಯುವಾಗ ಅಳುತ್ತಿದ್ದ ಪುಣ್ಯಾತ್ಮ.

ಸಂಜೆ ಹೆಂಡತಿಗೆ ಫೋನ್ ಮಾಡಿ ಹೇಳಿದೆ.

"ಆ ಕೆಲಸ ನಿಮಗೇ ಯಾಕೆ ಬರಬೇಕಿತ್ತು?"

ಬೈದದ್ದಲ್ಲ. ನನಗೂ ಅದೇ ಪ್ರಶ್ನೆ.

ಏಪ್ರಿಲ್ 20

ಯಾರೂ ಬಂದಿಲ್ಲ. ಸಪ್ಪೆ ಫೋನ್ ಮಾಡಿದ್ದ. ಚೀಫ್ ಹೋಗಿಬಿಟ್ಟರು. ಆಸ್ಪತ್ರೆಯಲ್ಲಿ.

ಅವರ ಕ್ಯಾಬಿನ್ ಬಾಗಿಲು ಹಾಕಿ ಬಂದೆ. ಹಡಗು ತೂಗಿದಾಗಲೆಲ್ಲ ತಾನೇ ತೆರೆದುಕೊಳ್ಳುತ್ತದೆ.

ಏಪ್ರಿಲ್ 21

ಇದನ್ನು ಬರೆಯಬಾರದು.

ಹಡಗೇ ಮುಳುಗಿದರೆ ಕಾಯಲು ಏನೂ ಇರುವುದಿಲ್ಲ. ರಾಫ್ಟ್ ಇದೆ, ದಡ ಕಾಣುತ್ತದೆ. ಬೆಳಿಗ್ಗೆ ಪಂಪ್ ನಿಲ್ಲಿಸಿದೆ. ಗ್ಲ್ಯಾಂಡಿನ ನಟ್ಟುಗಳನ್ನು ಸಡಿಲಿಸಿದೆ. ನಾನು ಹೆಣೆದದ್ದು ತಾನಾಗಿ ಹೊರಬಂತು, ಅದರ ಹಿಂದೆ ಸಮುದ್ರ. ಮೆಟ್ಟಿಲ ಮೇಲೆ ಕೂತು ನೋಡಿದೆ. ನೀರು ಗ್ಲ್ಯಾಂಡನ್ನೇ ಮುಚ್ಚಿತು. ಮನೆಗೆ ಹೋಗುತ್ತೇನೆ ಅಂದುಕೊಂಡೆ. ಜೋರಾಗಿ ಹೇಳಿಯೂ ನೋಡಿದೆ.

ಆಮೇಲೆ ನೀರಿಗಿಳಿದೆ. ಯಾಕೋ... ಹಡಗಿನ ಮೇಲೆ ಪ್ರೀತಿಯಿಲ್ಲ, ಮಾಲೀಕನ ಮೇಲೆ ಮೊದಲೇ ಇಲ್ಲ. ನೋಡುತ್ತ ಕೂರಲು ಕೈ ಕೇಳಲಿಲ್ಲ. ಪಂಪ್ ಹಾಕಿ, ಕುರುಡನಂತೆ ತಡವರಿಸಿ ಹಗ್ಗ ಕೂರಿಸಿ, ನಟ್ಟು ಬಿಗಿದೆ. ಬೆರಳು ಸುಲಿದಿವೆ.

ತಪ್ಪಿಸಿಕೊಳ್ಳಲೂ ಬಾರದ ಗಂಡಸು.

ಮೇ 2, ಸಂಜೆ

ಈಗ ಪಂಪಿನ ಗ್ಲ್ಯಾಂಡೇ ಸೋರುತ್ತಿದೆ. ಹಗ್ಗ ಮುಗಿದಿದೆ. ಡೀಸೆಲ್ ತಳ ಕಂಡಿದೆ. ಬಂದರಿನವರು "ನೋಡ್ತೀವಿ" ಅಂದರು.

ಮನೆಯಿಂದ ಫೋನ್. ಮಗಳು.

"ಅಪ್ಪಾ, ನಾಳೆ ಬರ್ತೀಯಂತೆ? ಅಮ್ಮ ಹೇಳಿದ್ಲು."

ಹಿಂದೆ ಹೆಂಡತಿಯ ಉಸಿರು ಕೇಳಿಸುತ್ತಿತ್ತು. ಸುಳ್ಳು ಅಂತ ಇಬ್ಬರಿಗೂ ಗೊತ್ತು.

ಹೂಂ ಅಂದೆ.

ಪಂಪಿನ ಸದ್ದು ಬದಲಾಗಿದೆ, ನಿಲ್ಲುವ ಹಾಗಿದೆ. ಹೋಗಿ ನೋಡಿ ಬಂದು ಉಳಿದದ್ದು ಬರೆಯು—