ಜೇಬಿಲ್ಲದ ಅಂಗಿ

ಮನೆಯಿಂದ, ಹೊಲಿಗೆ ಮೆಷಿನ್ನಿನ ಹಲಗೆಯ ಮೇಲೆ ಬರೆದದ್ದು
ಹನ್ನೊಂದನೇ ತಾರೀಕು, ಬುಧವಾರ ಮಧ್ಯಾಹ್ನ

ನನ್ನ ಮೊದ್ದು ಯಜಮಾನರಿಗೆ,

ಹೇಗಿದ್ದೀರಿ? ಬೆನ್ನುನೋವು ಹೆಚ್ಚಾಯಿತೇ? ನೆಲದ ಮೇಲೆ ಮಲಗುತ್ತೀರೆಂದು ಗೊತ್ತು, ಮಗ್ಗುಲಾಗಿ ಮಲಗಿ. ಸೋಮವಾರ ಜಾಲರಿಯಾಚೆ ನಿಮ್ಮನ್ನು ನೋಡಿದಾಗ ಕೆನ್ನೆ ಒಳಗೆ ಹೋಗಿತ್ತು. ಮೈಮೇಲೆ ಅದೇ ನೀಲಿ ಗೆರೆಯ ಅಂಗಿ. ನಾನು ಬದಲಿ ಬಟ್ಟೆ ತಂದಿದ್ದೆ, ಬಾಗಿಲಲ್ಲೇ ವಾಪಸ್ಸು ಕೊಟ್ಟರು. ಅದನ್ನು ನೆನೆದು ದಾರಿಯುದ್ದಕ್ಕೂ ಅತ್ತೆ. ಈಗ ಅಳು ಮುಗಿದಿದೆ, ಉಳಿದಿರುವುದು ಸಿಟ್ಟು ಮಾತ್ರ. ಮಗಳು ಚೆನ್ನಾಗಿದ್ದಾಳೆ. ಅಪ್ಪ ಪರವೂರಿಗೆ ಬೀಗ ರಿಪೇರಿಗೆ ಹೋಗಿದ್ದಾರೆ ಎಂದಿದ್ದೇನೆ. ಅಷ್ಟು ದೊಡ್ಡ ಬೀಗವಾ ಎಂದು ಕೇಳಿದಳು. ಹೌದು ಮಗಳೇ, ಬಹಳ ದೊಡ್ಡದು ಎಂದೆ.

ಈಗ ಸುದ್ದಿಗೆ ಬರುತ್ತೇನೆ. ನಾಳೆ ನಿಮ್ಮನ್ನು ಜಡ್ಜ್ ಮುಂದೆ ನಿಲ್ಲಿಸುತ್ತಾರೆ. ನಿಮ್ಮ ಅಣ್ಣ ಗೊತ್ತುಮಾಡಿದ ಆ ನಗುಮುಖದ ವಕೀಲ ಬಂದು, ಬಟ್ಟೆ ಅಂಗಡಿಯ ಗೋದಾಮಿನ ಬೀಗ ನಾನೇ ತೆಗೆದೆ, ಮೂಟೆಗಳನ್ನು ನಾನೇ ಸಾಗಿಸಿದೆ ಎಂದು ಒಪ್ಪಿಕೊಳ್ಳಿ, ಸ್ವಲ್ಪದರಲ್ಲೇ ಮುಗಿಯುತ್ತದೆ ಎನ್ನುತ್ತಾನೆ. ಒಪ್ಪಿಕೊಂಡಿರೋ, ನಾನು ನಿಮ್ಮ ಹೆಂಡತಿಯೇ ಅಲ್ಲ. ಠಾಣೆಯಲ್ಲಿ ಹೆದರಿಸಿ ಬರೆಸಿಕೊಂಡದ್ದನ್ನು ಬೇಕಾದರೆ ಅಲ್ಲಗಳೆಯಬಹುದಂತೆ. ಜಡ್ಜ್ ಮುಂದೆ ಬಾಯಾರೆ ಒಪ್ಪಿಕೊಂಡರೆ ಆ ಮೇಲೆ ದೇವರೇ ಬಂದರೂ ಬಿಡಿಸುವುದು ಕಷ್ಟವಂತೆ. ಇದನ್ನು ಹೇಳಿದವರು ನಾನು ಹುಡುಕಿದ ಹೊಸ ಲಾಯರಮ್ಮ.

ಅವರನ್ನು ಹುಡುಕಿದ ಕಥೆ ಕೇಳಿ, ಸ್ವಲ್ಪ ನಗು ಬರಲಿ. ಕೋರ್ಟಿನ ಮುಂದೆ ಮೂವರನ್ನು ನೋಡಿದೆ. ಮೊದಲನೆಯವನು ಕಾಗದ ಮುಟ್ಟುವ ಮುಂಚೆಯೇ "ನಾಳೆ ನಿಮ್ಮ ಯಜಮಾನ್ರು ಮನೇಲಿರ್ತಾರೆ, ಗ್ಯಾರಂಟಿ" ಅಂದ. ಅಳತೆ ತೆಗೆಯದೆ ನಾಳೆ ಬ್ಲೌಸ್ ಕೊಡ್ತೀನಿ ಅನ್ನುವ ಟೈಲರ್ ಎಂಥವನೆಂದು ನನಗೆ ಗೊತ್ತಿಲ್ಲವೇ? ಎದ್ದು ಬಂದೆ. ಎರಡನೆಯವನು ನನ್ನ ಮಾತಿನ ನಡುವೆ ನಾಲ್ಕು ಫೋನ್ ಮುಗಿಸಿ, ನಿಮ್ಮದು ಡೈವೋರ್ಸ್ ಕೇಸಲ್ಲವಾ ಎಂದ. ಹಾಗೇ ಮಾಡಿಬಿಡಲೇ ಎಂದು ಒಂದು ಗಳಿಗೆ ಯೋಚಿಸಿದೆ, ನಿಮ್ಮಾಣೆ! ಮೂರನೆಯವರೇ ಈ ಲಾಯರಮ್ಮ. ಮೆಟ್ಟಿಲ ಕೆಳಗೆ ಒಂದು ಮೇಜು, ಕಾಲು ಕುಂಟುವ ಕುರ್ಚಿ. ದಿನವೂ ಇಂಥ ಕಳ್ಳತನ, ಹೊಡೆದಾಟದ ಕೇಸುಗಳನ್ನೇ ನಡೆಸುವವರು. ಇದ್ದ ಕಾಗದಗಳನ್ನೆಲ್ಲ ಎರಡು ಸಲ ಓದಿದರು. "ಗ್ಯಾರಂಟಿ ಏನೂ ಕೊಡಲ್ಲಮ್ಮ. ನಿಜ ಹೇಳಿ, ನಾನು ಸುಳ್ಳು ಹೇಳಲ್ಲ" ಅಂದರು. ಅಲ್ಲೇ ಕೂತುಬಿಟ್ಟೆ.

ಅವರು ಒಂದೊಂದೇ ಕೇಳುತ್ತಾ ಹೋದರು. ಹಿಡಿದಾಗ ಯಾಕೆ ಹಿಡಿಯುತ್ತೇವೆಂದು ಹೇಳಿದರಾ? ಇಲ್ಲ. ಮನೆಯವರಿಗೆ ತಿಳಿಸಿದರಾ? ಇಲ್ಲ, ಮರುದಿನ ಹಾಲಿನವನು ಹೇಳಿ ನನಗೆ ಗೊತ್ತಾಯಿತು. ಒಂದು ದಿನದೊಳಗೆ ಜಡ್ಜ್ ಮುಂದೆ ಕರೆದೊಯ್ದರಾ? ಎರಡು ದಿನ ಕೂರಿಸಿಕೊಂಡಿದ್ದರು. ವಕೀಲರು ಬರುವ ತನಕ ಬಾಯಿ ಬಿಡುವುದಿಲ್ಲ ಅನ್ನುವ ಹಕ್ಕು ಇದೆಯೆಂದು ಯಾರಾದರೂ ಹೇಳಿದರಾ? ಇಷ್ಟೆಲ್ಲ ಹಕ್ಕು ನಮಗೂ ಇತ್ತೆಂದು ಅಲ್ಲಿಯವರೆಗೆ ನನಗೇ ಗೊತ್ತಿರಲಿಲ್ಲ ನೋಡಿ. ಊರಿನ ಬೀಗವೆಲ್ಲ ತೆಗೆಯುವ ನೀವು "ಸಹಿ ಹಾಕು, ಮನೆಗೆ ಹೋಗು" ಅಂದದ್ದಕ್ಕೆ ಸಹಿ ಹಾಕಿ ಒಳಗೇ ಕೂತಿರಿ. ಸಿಟ್ಟಾಗಬೇಡಿ, ಬೈಯಲು ಬೇರೆ ಯಾರಿದ್ದಾರೆ ನನಗೆ.

ಆ ಮೇಲೆ ಅವರು ಕೇಳಿದ್ದು, ಮೊದಲಿನ ವಕೀಲರನ್ನು ಇಟ್ಟವರು ಯಾರು ಎಂದು. ನಮ್ಮ ಭಾವ ಎಂದೆ. ಮಹಜರನ್ನು ತೆಗೆದು ನನ್ನ ಮುಂದೆ ತಳ್ಳಿದರು. ಏನು ಸಿಕ್ಕಿತು, ಎಲ್ಲಿ ಸಿಕ್ಕಿತು ಎಂದು ಪೊಲೀಸರು ಬರೆಯುವ ಕಾಗದ ಅದು. ಕೆಳಗೆ ಸಾಕ್ಷಿಯ ಸಹಿ. ಆ ಸಹಿ ಯಾರದೆಂದುಕೊಂಡಿರಿ? ನಿಮ್ಮನ್ನು ಎತ್ತಿ ಆಡಿಸಿದ, ಓದಿಸಿದ, ಕೀಲಿ ಉಜ್ಜುವ ಅರ ಕೊಡಿಸಿ ಕಸುಬಿಗೆ ಹಚ್ಚಿದ ನಿಮ್ಮ ಅಣ್ಣನದು. "ಸಾಕ್ಷಿ ಹಾಕಿದವನೇ ವಕೀಲನನ್ನೂ ತಂದಿದ್ದಾನೆ. ಆ ವಕೀಲ ಯಾರ ಕಡೆಯವನಮ್ಮ?" ಅಂದರು ಲಾಯರಮ್ಮ.

ನೀವು ಬಾಯಿ ಬಿಡದಿದ್ದರೂ ನನಗೆ ಎಲ್ಲ ಗೊತ್ತು. ಮೂರು ತಿಂಗಳ ಹಿಂದೆ ಮಧ್ಯಾಹ್ನ ಊಟದ ಹೊತ್ತಿಗೆ ನಿಮ್ಮ ಅಣ್ಣ ಗೋದಾಮಿನ ಕೀಲಿ ಹಿಡಿದು ಬಂದಿದ್ದ. ಅಲ್ಲಿಯ ಉಸ್ತುವಾರಿ ಅವನದೇ ತಾನೇ. "ಸಾಹುಕಾರ್ರು ಇನ್ನೊಂದು ಮಾಡಿಸ್ಕೊಂಡು ಬಾ ಅಂದ್ರು ಕಣೋ" ಅಂದ. ಬೀಗದ ಯಜಮಾನ ಎದುರು ನಿಲ್ಲದೆ ಕೀಲಿ ಕೊರೆಯಬಾರದು, ಇದು ನಿಮ್ಮ ಕಸುಬಿನ ಮೊದಲ ಪಾಠ. ಸ್ವಂತ ಅತ್ತೆ ಬಂದು ಕೇಳಿದರೂ ಕೊಟ್ಟವರಲ್ಲ ನೀವು. ಅಣ್ಣ ಎಂದು ಆ ಒಂದು ಸಲ ಕೊರೆದುಕೊಟ್ಟಿರಿ. ನೀರು ಕೊಟ್ಟವಳು ನಾನೇ, ನನ್ನ ಕಣ್ಣೆದುರೇ ಆಯಿತು. ಈಗ ಅಣ್ಣನನ್ನು ಬಿಟ್ಟುಕೊಡಬಾರದೆಂದು ಮೂಗನಂತೆ ಕೂತಿದ್ದೀರಿ. ಅವನು ನಂಬಿಸಿ ಕತ್ತು ಕೊಯ್ದಿದ್ದಾನೆ ರೀ. ಮೂಟೆ ಸಾಗಿಸಿದ್ದು ಅವನು, ನೀವು ಕೊರೆದ ಕೀಲಿಯನ್ನೇ ತೋರಿಸಿ ಹಿಡಿಸಿದ್ದು ನಿಮ್ಮನ್ನು.

ಆದರೆ ಅತಿ ಜಾಣನಿಗೂ ಒಂದು ಎಡವಟ್ಟು ಇದ್ದೇ ಇರುತ್ತದೆ. ಮಹಜರಿನಲ್ಲಿ ಏನು ಬರೆದಿದೆ ಗೊತ್ತೇ? "ಆರೋಪಿಯು ಧರಿಸಿದ್ದ ನೀಲಿ ಗೆರೆಯ ಅಂಗಿಯ ಎಡ ಜೇಬಿನಲ್ಲಿ ಗೋದಾಮಿನ ನಕಲಿ ಕೀಲಿ ದೊರೆಯಿತು." ಓದಿ ನಾನು ನಗಲು ಶುರುಮಾಡಿದೆ. ಲಾಯರಮ್ಮ ಹೆದರಿ ನೀರು ತರಿಸಿದರು. ನಿಮ್ಮ ಅಂಗಿಗೆ ಜೇಬೆಲ್ಲಿದೆ? ಆರು ವರ್ಷದ ಹಿಂದೆ, ಕೀಲಿ ತುರುಕಿ ತುರುಕಿ ಜೇಬು ಹರಿದು, ಅರದ ಪುಡಿ ಉಳಿದು, ಒಗೆಯುವಾಗ ನನ್ನ ಬೆರಳಿಗೆಲ್ಲ ಚುಚ್ಚಿಕೊಂಡ ದಿನ ಎಂಥ ಜಗಳವಾಡಿದ್ದೆ! ಇನ್ನು ಮೇಲೆ ನಿಮಗೆ ಜೇಬು ಇಟ್ಟರೆ ನನ್ನ ಹೆಸರು ಬದಲಾಯಿಸಿ ಎಂದಿದ್ದೆ. ಅಂದಿನಿಂದ ಒಂದು ಅಂಗಿಗೂ ಇಟ್ಟಿಲ್ಲ. ಜೇಬು ಬಿಚ್ಚಿದ್ದರೆ ಸೂಜಿಯ ತೂತಾದರೂ ಉಳಿಯಬೇಕು, ನಿಮ್ಮ ಅಂಗಿಯಲ್ಲಿ ಅದೂ ಇಲ್ಲ. ಪೊಲೀಸರು ಅಭ್ಯಾಸಬಲದಿಂದ ಬರೆದರು, ನಿಮ್ಮ ಅಣ್ಣ ಓದದೆ ಸಹಿ ಗೀಚಿದ.

ಲಾಯರಮ್ಮ ಎರಡು ದಾರಿ ಹೇಳಿದ್ದಾರೆ. ನಾಳೆಯೇ ಅಂಗಿ ತೋರಿಸಿ ಜಾಮೀನು ಕೇಳಬಹುದು. ಆಗ ನೀವು ಬೇಗ ಹೊರಬರಬಹುದು, ಆದರೆ ಪೊಲೀಸರೂ ನಿಮ್ಮ ಅಣ್ಣನೂ ಎಚ್ಚೆತ್ತು ಕಥೆ ತಿದ್ದಿಕೊಳ್ಳುತ್ತಾರೆ. ಇಲ್ಲವೇ ಈಗ ಸುಮ್ಮನಿದ್ದು, ವಿಚಾರಣೆಯಲ್ಲಿ ನಿಮ್ಮ ಅಣ್ಣ ಕಟಕಟೆ ಹತ್ತಿ ಪ್ರಮಾಣ ಮಾಡಿ "ಎಡ ಜೇಬಿಂದಾನೇ ತೆಗೆದ್ರು, ನಾನೇ ನೋಡ್ದೆ" ಅನ್ನುವವರೆಗೂ ಕಾಯಬಹುದು. ಆ ಮೇಲೆ ಅಂಗಿ ಬಿಚ್ಚಿ ಮೇಜಿನ ಮೇಲೆ ಹರಡಬಹುದು. ಸುಳ್ಳು ಸಾಕ್ಷಿಗೆ ಅವನೇ ಒಳಗೆ ಹೋಗುತ್ತಾನೆ, ಆದರೆ ಅಲ್ಲಿಯತನಕ ನೀವು ಒಳಗಿರಬೇಕು. ಎಷ್ಟು ತಿಂಗಳೋ ಯಾರಿಗೂ ಗೊತ್ತಿಲ್ಲ.

ಸುಳ್ಳೇಕೆ ಹೇಳಲಿ, ನನಗೆ ಎರಡನೆಯದೇ ಬೇಕು. ಅವನು ಆಣೆ ಇಡಬೇಕು, ಅವನ ನಾಲಗೆ ಒಣಗಬೇಕು, ಸಾಹುಕಾರನ ಮುಂದೆ ತಲೆ ತಗ್ಗಿಸಬೇಕು. ಮಾಡಿದ್ದುಣ್ಣೋ ಮಹಾರಾಯ ಎಂದು ನಾನು ಮುಂದಿನ ಬೆಂಚಿನಲ್ಲಿ ಕೂತು ನೋಡಬೇಕು. ಆ ಸಹಿ ನೋಡಿದಾಗಿನಿಂದ ಅದನ್ನೇ ಉಂಡು ಬದುಕಿದ್ದೇನೆ. ಇದನ್ನು ಹೇಳಿದಾಗ ಲಾಯರಮ್ಮ ಕನ್ನಡಕ ತೆಗೆದು, "ಒಳಗೆ ಮಲಗೋರು ನೀವಲ್ಲವಲ್ಲಮ್ಮ. ಅವರನ್ನ ಕೇಳಿ" ಅಂದರು. ಅದಕ್ಕೇ ಕೇಳುತ್ತಿದ್ದೇನೆ. ನಿಮ್ಮ ವಕೀಲರು ಯಾರೆಂದು ಹೇಳುವವರೂ ನೀವೇ, ಅಣ್ಣನಲ್ಲ. ಈ ಕಾಗದದ ಜೊತೆ ಲಾಯರಮ್ಮ ತರುವ ವಕಾಲತ್ತಿಗೆ, ಅವರೇ ನನ್ನ ವಕೀಲರು ಎನ್ನುವ ಕಾಗದಕ್ಕೆ, ಸಹಿ ಹಾಕಿ. ಅದೊಂದಕ್ಕೆ ಮಾತ್ರ, ಅದನ್ನೂ ಓದಿಯೇ ಹಾಕಿ.

ಹುಷಾರಾಗಿರಿ, ಹೊಟ್ಟೆ ತುಂಬಾ ಉಣ್ಣಿ. ಮಗಳು ನಿಮಗೆಂದು ಒಂದು ಬೀಗದ ಚಿತ್ರ ಬರೆದಿದ್ದಾಳೆ, ಕೀಲಿ ಬರೆಯಲು ಮರೆತಿದ್ದಾಳೆ. ನಿಮ್ಮ ಆಯಸ್ಸು ಗಟ್ಟಿಯಾಗಿರಲಿ, ನನ್ನ ಸಿಟ್ಟೂ ಗಟ್ಟಿಯಾಗಿರಲಿ.

ನಿಮ್ಮ
ಟೈಲರಮ್ಮ

ಮರೆಯುವ ಮುಂಚೆ: ಲಾಯರಮ್ಮ ಜೈಲಿಗೆ ಹೊರಟು ಬಾಗಿಲಲ್ಲಿ ನಿಂತಿದ್ದಾರೆ, ಗೀಚುತ್ತಿದ್ದೇನೆ. ಮೇಲೆ ಬರೆದ ಎರಡನೇ ದಾರಿ ಬಿಡಿ. ಈಗಷ್ಟೇ ನಿಮ್ಮ ಅಣ್ಣ ಬಂದು ಹೋದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಹಾಗಾಯಿತು. ಕೈಯಲ್ಲಿ ಹೊಸ ಅಂಗಿಯ ಪೊಟ್ಟಣ. "ಕೋರ್ಟಿಗೆ ಆ ಹಳೇದ್ರಲ್ಲಿ ಬರೋದು ಬೇಡಮ್ಮ. ಬೆಳಿಗ್ಗೆ ಒಳಗೆ ಕೊಟ್ಟು, ಹಳೇದನ್ನ ನಾನೇ ಇಸ್ಕೊಂಡು ಬರ್ತೀನಿ, ಅಲ್ಲಿ ನನಗೆ ಪರಿಚಯದವರಿದ್ದಾರೆ" ಅಂದ. ನಿಮ್ಮ ಅಂಗಿಗೆ ಜೇಬಿಲ್ಲವೆಂದು ಅವನಿಗೆ ನೆನಪಾಗಿದೆ ರೀ! ನಾನು "ಆಯ್ತು ಭಾವ" ಎಂದು ನಕ್ಕು ಕಳಿಸಿದೆ. ಆ ಅಂಗಿ ಬಿಚ್ಚಬೇಡಿ. ನಾರಿದರೆ ನಾರಲಿ. ನಾಳೆ ಜಡ್ಜ್ ಮುಂದೆ ಅದರಲ್ಲೇ ನಿಂತು, ಜೇಬೆಲ್ಲಿದೆ ಎಂದು ಕೇಳಿ. ಅವನ ಮುಖ ಕಾಣುವ ಜಾಗದಲ್ಲೇ ನಾನು ನಿಂತಿರುತ್ತೇನೆ, ನನಗೆ ಅಷ್ಟು ಸಾಕು. ಆ ಕ್ಷಣದಲ್ಲಿ ಅಣ್ಣ ಎಂದು ನಿಮ್ಮ ಕರುಳು ಚುರ್ ಅಂದರೆ ಒಂದು ಮಾತು ನೆನಪಿಡಿ. ಅವನು ಹೊರಡುವ ಮುಂಚೆ ಪೊಟ್ಟಣ ಇಸಿದುಕೊಂಡು ಬಿಚ್ಚಿ ನೋಡಿದೆ. ಅವನು ನಿಮಗೆಂದು ತಂದ ಅಂಗಿಗೆ ಒಂದಲ್ಲ, ಎರಡು ಜೇಬಿತ್ತು.